ಫ್ರೀ ವೆಬ್‌ಸೈಟಿಗೆ ನಾವು ಕಟ್ಟುವ ಬೆಲೆ: ಕಾಸರಗೋಡಿನ ಮನೆಮಂದಿಗೆ ಒಂದು ಸಮಗ್ರ ಮಾರ್ಗದರ್ಶಿ

ಬದಿಯಡ್ಕದಲ್ಲೋ ಪೆರ್ಲದಲ್ಲೋ ಕೂತು ಮೊಬೈಲಿನಲ್ಲಿ ಒಂದು ಕನ್ನಡ ಸುದ್ದಿಪುಟ ತೆರೆದು ನೋಡಿ. ಸುದ್ದಿ ಕನ್ನಡದ್ದು, ವೆಬ್‌ಸೈಟು ಬೆಂಗಳೂರಿನದ್ದು. ನಡುವೆ ಬರುವ ಜಾಹೀರಾತು ಮಾತ್ರ ಎಷ್ಟೋ ಸಲ ಮಲಯಾಳದಲ್ಲಿರುತ್ತದೆ, ಕೇರಳದ ಯಾವುದೋ ಚಿನ್ನದಂಗಡಿಯದ್ದು. ತಲಪಾಡಿ ದಾಟಿ ಮಂಗಳೂರಿನಲ್ಲಿ ಅದೇ ಪುಟ ತೆರೆದರೆ ಬೇರೆ ಜಾಹೀರಾತು. ಪತ್ರಿಕೆಯಲ್ಲಾದರೆ ಜಾಹೀರಾತಿನ ಜಾಗ ಎಲ್ಲ ಓದುಗರಿಗೂ ಒಂದೇ. ಇಲ್ಲಿ ಆ ಜಾಗ ಮಾರಾಟವಾಗುವುದು ನಿಮ್ಮನ್ನು ನೋಡಿಕೊಂಡು: ಎಲ್ಲಿದ್ದೀರಿ, ಯಾವ ಫೋನು ಹಿಡಿದಿದ್ದೀರಿ, ನಿನ್ನೆ ಏನು ಹುಡುಕಿದ್ದಿರಿ. ಪುಟ ತೆರೆದುಕೊಳ್ಳುವ ಅರೆಕ್ಷಣದೊಳಗೆ ಈ ವಿವರಗಳು ಹರಾಜಿಗೆ ಹೋಗಿ, ಹೆಚ್ಚು ಕೂಗಿದವರ ಜಾಹೀರಾತು ಬಂದು ಕೂರುತ್ತದೆ. ಹರಾಜಿನಲ್ಲಿ ಸೋತ ಕಂಪನಿಗಳಿಗೂ ನಿಮ್ಮ ವಿವರ ತಲುಪಿಯೇ ಇರುತ್ತದೆ.

ಈ ವ್ಯಾಪಾರ ಸಣ್ಣದಲ್ಲ. 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆದಾಯದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಹೀರಾತಿನಿಂದ ಬಂತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರನ್ನೂ ನಡೆಸುವ ಮೆಟಾದಲ್ಲಿ ಅದು ನೂರಕ್ಕೆ 97ಕ್ಕೂ ಮಿಕ್ಕಿ. ವಾಟ್ಸಾಪಿನ ಕಥೆಯನ್ನೇ ನೋಡಿ. 2016ರ ಆರಂಭದ ತನಕ ಅದಕ್ಕೆ ವರ್ಷಕ್ಕೆ ಒಂದು ಡಾಲರಿನಷ್ಟು ಚಂದಾ ಇತ್ತು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು, ಆಮೇಲೆ ಚಂದಾ ನಿಂತಿತು. 2021ರ ಹೊಸ ಪಾಲಿಸಿಯಲ್ಲಿ, ಮಾಹಿತಿಯನ್ನು ಮೆಟಾದ ಉಳಿದ ಕಂಪನಿಗಳ ಜೊತೆ ಹಂಚಿಕೊಳ್ಳಲು ಒಪ್ಪಲೇಬೇಕು ಎಂದಾಯಿತು. ಅದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ಹಾಕಿತು. ನಿಮ್ಮ ಮೆಸೇಜಿನ ಒಳಗಿನ ಮಾತು ಗೂಢಲಿಪಿಯಲ್ಲಿ ಭದ್ರವಾಗಿರುತ್ತದೆ, ನಿಜ. ಆದರೆ ಯಾರ ಜೊತೆ, ಯಾವಾಗ, ಎಷ್ಟು ಸಲ ಮಾತಾಡುತ್ತೀರಿ ಎಂಬುದು ಬೇರೆಯೇ ಮಾಹಿತಿ, ಅದಕ್ಕೂ ಬೆಲೆಯಿದೆ.

ಹಾಗಾದರೆ ನಾವೇನು ಮಾಡಬೇಕು? ಎರಡು ಕೆಲಸ, ಎರಡನ್ನೂ ಒಟ್ಟಿಗೇ ಮಾಡಬೇಕು. ಸೋರಿಹೋಗುವ ಮಾಹಿತಿಯನ್ನು ಕಡಿಮೆ ಮಾಡುವುದು ಒಂದು. ನಿಜವಾಗಿ ಬೇಕಾದ ವೆಬ್‌ಸೈಟುಗಳಿಗೆ ದುಡ್ಡು ಕೊಡುವುದು ಇನ್ನೊಂದು. ಬರೀ ದುಡ್ಡು ಕೊಟ್ಟು ಮಾಹಿತಿಯನ್ನೂ ಸುರಿಯುತ್ತಾ ಹೋದರೆ ಎರಡು ಸಲ ಬೆಲೆ ಕಟ್ಟಿದ ಹಾಗಾಯಿತು. ಬರೀ ಜಾಹೀರಾತು ತಡೆದು ಕೂತರೆ ಅದರಲ್ಲೇ ಉಸಿರಾಡುವ ಸಣ್ಣ ಕನ್ನಡ ತಾಣಗಳು ಬಾಗಿಲು ಹಾಕುತ್ತವೆ. ಗಡಿಯ ಈಚೆ ಇರುವ ನಮಗೆ ಆ ತಾಣಗಳು ಬೇಕು. ಊರಿನ ಸುದ್ದಿ ಕನ್ನಡದಲ್ಲಿ ಸಿಗುವ ಜಾಗಗಳೇ ನಮಗೆ ಕಡಿಮೆ.

ಒಂದು ಭಾನುವಾರ ಮಧ್ಯಾಹ್ನ ಇದಕ್ಕೆಂದು ಎತ್ತಿಡಿ. ಮನೆಯ ಫೋನುಗಳೆಲ್ಲ, ಒಂದು ನೋಟುಬುಕ್ಕು, ಪೆನ್ನು ಇಷ್ಟು ಸಾಕು. ಮೊದಲು ಹಿರಿಯರ ಫೋನು ಹಿಡಿಯಿರಿ. ಅದರಲ್ಲಿ ಆ್ಯಪುಗಳು ಕಡಿಮೆ, ಅಪಾಯ ಹೆಚ್ಚು. ಹೆಜ್ಜೆಗಳ ಅನುಕ್ರಮ ತಪ್ಪಿಸಬೇಡಿ. ಫೋನಿನ ತೂತುಗಳಲ್ಲಿ ದೊಡ್ಡದನ್ನು ಮೊದಲು ಮುಚ್ಚಿ, ಆಮೇಲೆ ಪೇಟೆಯ ಕೆಲಸಕ್ಕೆ ಹೋಗುವ ಹಾಗೆ ಇವನ್ನು ಜೋಡಿಸಿದ್ದೇನೆ.

ಹೆಜ್ಜೆ 1: ಖಾತೆ ಯಾರ ಕೈಯಲ್ಲಿದೆ?

ನಮ್ಮ ಕಡೆಯ ಬಹಳ ಮನೆಗಳಲ್ಲಿ ಅಪ್ಪ ಅಮ್ಮನ ಜಿಮೇಲ್ ಖಾತೆ ತೆರೆದುಕೊಟ್ಟದ್ದು ಪೇಟೆಯ ಮೊಬೈಲ್ ಅಂಗಡಿಯವರು, ಇಲ್ಲವೇ ಗಲ್ಫಿನಿಂದ ರಜೆಗೆ ಬಂದ ಮಗ. ಪಾಸ್‌ವರ್ಡ್ ಏನೆಂದು ಈಗ ಯಾರಿಗೂ ನೆನಪಿಲ್ಲ. ಆ ಖಾತೆಯಲ್ಲೇ ಫೋಟೋ, ನಂಬರುಗಳು, ಯೂಟ್ಯೂಬ್ ಎಲ್ಲ ಸೇರಿಕೊಂಡಿವೆ. ಉಳಿದ ಕೆಲಸಗಳೆಲ್ಲ ಇದರ ಮೇಲೆ ನಿಂತಿರುವುದರಿಂದ ಮೊದಲು ಇದು ಸರಿಯಾಗಬೇಕು.

ಫೋನಿನ ಸೆಟ್ಟಿಂಗ್ಸ್ ತೆರೆದು ಗೂಗಲ್ ಎಂಬಲ್ಲಿ ಹೋಗಿ, ಖಾತೆ ನಿರ್ವಹಣೆಯ ಪುಟದಲ್ಲಿ ಸೆಕ್ಯುರಿಟಿ ವಿಭಾಗ ನೋಡಿ. ರಿಕವರಿ ಫೋನ್ ನಂಬರು ಯಾರದ್ದಿದೆ? ಅಂಗಡಿಯವರದ್ದೋ, ಯಾವತ್ತೋ ಬಿಟ್ಟ ಸಿಮ್ಮಿನದ್ದೋ ಆಗಿದ್ದರೆ ಈಗಲೇ ಬದಲಾಯಿಸಿ. ಕೆಳಗೆ ಈ ಖಾತೆ ತೆರೆದಿರುವ ಸಾಧನಗಳ ಪಟ್ಟಿ ಸಿಗುತ್ತದೆ. ಮಾರಿಬಿಟ್ಟ ಹಳೆ ಫೋನು ಅದರಲ್ಲಿದ್ದರೆ ಸೈನ್ ಔಟ್ ಮಾಡಿ. ಹೊಸ ಪಾಸ್‌ವರ್ಡ್ ಹಾಕಿ ನೋಟುಬುಕ್ಕಿನಲ್ಲಿ ಬರೆದು ಕಪಾಟಿನಲ್ಲಿಡಿ. ಪಾಸ್‌ವರ್ಡ್ ಬರೆದಿಡಬಾರದು ಎನ್ನುವ ಉಪದೇಶ ಮನೆಯ ಹಿರಿಯರಿಗೆ ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದಕ್ಕಿಂತ ಕಪಾಟಿನೊಳಗಿನ ಪುಸ್ತಕ ಎಷ್ಟೋ ಸುರಕ್ಷಿತ. ಪಾಸ್‌ವರ್ಡಿನ ಜೊತೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಇಲ್ಲೇ ಆನ್ ಮಾಡಿಬಿಡಿ.

ಹೆಜ್ಜೆ 2: ಆ್ಯಪುಗಳಿಗೆ ಕೊಟ್ಟ ಅನುಮತಿ ವಾಪಸು ತೆಗೆದುಕೊಳ್ಳಿ

ಸೆಟ್ಟಿಂಗ್ಸಿನಲ್ಲಿ ಪ್ರೈವಸಿ, ಅದರೊಳಗೆ ಪರ್ಮಿಷನ್ ಮ್ಯಾನೇಜರ್. ಫೋನಿನ ಕಂಪನಿ ಬದಲಾದ ಹಾಗೆ ಜಾಗ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸಿನ ಮೇಲ್ತುದಿಯ ಹುಡುಕುವ ಜಾಗದಲ್ಲಿ ಪರ್ಮಿಷನ್ ಎಂದು ಟೈಪ್ ಮಾಡಿ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸತಾದರೆ ಪ್ರೈವಸಿ ಡ್ಯಾಶ್‌ಬೋರ್ಡ್ ಎಂಬುದೂ ಇರುತ್ತದೆ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪು ಲೊಕೇಶನ್, ಮೈಕ್, ಕ್ಯಾಮೆರಾ ಬಳಸಿತೆಂದು ಅದು ಗಂಟೆ ಸಮೇತ ತೋರಿಸುತ್ತದೆ. ಮನೆಯವರಿಗೆ ಅದನ್ನೊಮ್ಮೆ ತೋರಿಸಿ. ನೀವು ಏನನ್ನೂ ವಿವರಿಸಬೇಕಾಗುವುದಿಲ್ಲ.

ಲೊಕೇಶನ್ನಿನಿಂದ ಶುರುಮಾಡಿ. ಮ್ಯಾಪಿಗೆ, ಆಟೋ ಕರೆಯುವ ಆ್ಯಪಿಗೆ ಬಳಸುವಾಗ ಮಾತ್ರ ಕೊಟ್ಟರೆ ಸಾಕು. ಪಂಚಾಂಗದ ಆ್ಯಪು ಸೂರ್ಯೋದಯ, ರಾಹುಕಾಲ ಲೆಕ್ಕ ಹಾಕಲು ಊರು ತಿಳಿಯಬೇಕು, ಸರಿ. ಆದರೆ ಅದಕ್ಕೆ ನಿಮ್ಮ ಮನೆಯಂಗಳ ತಿಳಿಯಬೇಕಾಗಿಲ್ಲ. ನಿಖರ ಸ್ಥಳ ಎಂಬ ಗುಂಡಿ ಆಫ್ ಮಾಡಿ ಅಂದಾಜು ಸ್ಥಳ ಮಾತ್ರ ಕೊಡಿ. ಕುಂಬಳೆಯಲ್ಲಿದ್ದರೂ ಸೀತಾಂಗೋಳಿಯಲ್ಲಿದ್ದರೂ ರಾಹುಕಾಲ ಬದಲಾಗುವುದಿಲ್ಲ.

ಆಮೇಲೆ ಕಾಂಟ್ಯಾಕ್ಟ್ಸ್. ಇದರಲ್ಲಿ ಇನ್ನೂ ಬಿಗಿಯಾಗಿರಿ. ಏಕೆಂದರೆ ಆ ಪಟ್ಟಿ ನಿಮ್ಮದೊಬ್ಬರದ್ದಲ್ಲ. ಸೊಸೆಯ ತವರಿನವರದ್ದು, ದುಬೈಯಲ್ಲಿರುವ ಭಾವನದ್ದು, ಅಡಿಕೆ ಸುಲಿಯಲು ಬರುವವರದ್ದು ಎಲ್ಲರ ನಂಬರೂ ಅದರಲ್ಲಿದೆ, ಅವರ್ಯಾರೂ ಒಪ್ಪಿಗೆ ಕೊಟ್ಟಿಲ್ಲ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪು, ಫೋಟೋ ಚಂದ ಮಾಡುವ ಆ್ಯಪು, ಆಟದ ಆ್ಯಪು ಯಾವುದಕ್ಕೂ ಇದು ಬೇಡ. ಸಾಲ ಕೊಡುವ ಆ್ಯಪು ಕಾಂಟ್ಯಾಕ್ಟ್ಸ್ ಕೇಳಿತೆಂದರೆ ಆ ಕ್ಷಣವೇ ತೆಗೆದುಹಾಕಿ. ಫೋನಿನ ನಂಬರುಪಟ್ಟಿ, ಕರೆಪಟ್ಟಿ, ಫೈಲುಗಳಿಗೆ ಕೈಹಾಕಬಾರದೆಂದು 2022ರ ಸೆಪ್ಟೆಂಬರಿನ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಮೀರಿ ಕೇಳುವವರ ಉದ್ದೇಶ ಒಂದೇ: ಕಂತು ತಪ್ಪಿದ ದಿನ ನಿಮ್ಮ ನೆಂಟರಿಗೆಲ್ಲ ಫೋನು ಹಚ್ಚಿ ಮಾನ ತೆಗೆಯುವುದು.

ಜಾಹೀರಾತು ಐಡಿಯನ್ನು ಅಳಿಸುವುದು ಮುಂದಿನದು. ಪ್ರತಿ ಆಂಡ್ರಾಯ್ಡ್ ಫೋನಿಗೂ ಇಂಥದೊಂದು ಗುರುತುಸಂಖ್ಯೆ ಇರುತ್ತದೆ. ಬೇರೆ ಬೇರೆ ಆ್ಯಪುಗಳಲ್ಲಿ ನೀವು ಮಾಡಿದ್ದನ್ನು ಒಂದೇ ದಾರಕ್ಕೆ ಪೋಣಿಸುವುದು ಇದೇ. ಪ್ರೈವಸಿಯೊಳಗೆ ಆ್ಯಡ್ಸ್ ಎಂಬಲ್ಲಿ ಡಿಲೀಟ್ ಅಡ್ವರ್ಟೈಸಿಂಗ್ ಐಡಿ ಒತ್ತಿದರೆ ಮುಗಿಯಿತು. ಐಫೋನಿನಲ್ಲಿ ಪ್ರೈವಸಿಯೊಳಗಿನ ಟ್ರ್ಯಾಕಿಂಗ್ ಎಂಬುದಕ್ಕೆ ಹೋಗಿ, ಆ್ಯಪುಗಳು ಕೇಳಲೇಬಾರದೆಂದು ಗುಂಡಿ ಆಫ್ ಮಾಡಿ.

ಕೀಬೋರ್ಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಬರೆಯುವ ಪ್ರತಿ ಅಕ್ಷರ ಅದರ ಮೂಲಕವೇ ಹಾಯುತ್ತದೆ. ಕನ್ನಡ ಟೈಪಿಂಗಿಗೆಂದು ಸ್ಟಿಕ್ಕರು, ಬಣ್ಣಬಣ್ಣದ ಥೀಮು ತೋರಿಸುವ ಅಪರಿಚಿತ ಕೀಬೋರ್ಡು ಹಾಕಿಕೊಂಡಿದ್ದರೆ ತೆಗೆಯಿರಿ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದಿಂದ ಬೆಳೆದು ಬಂದ ಇಂಡಿಕ್ ಕೀಬೋರ್ಡ್ ಮುಕ್ತ ತಂತ್ರಾಂಶ, ಅದರಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಎರಡೂ ಭಾಷೆಯಲ್ಲಿ ಬರೆಯಬೇಕಾದ ನಮ್ಮಂಥವರಿಗೆ ಹೇಳಿಮಾಡಿಸಿದ್ದು.

ಹೆಜ್ಜೆ 3: ಗೂಗಲ್ ನೆನಪಿಟ್ಟುಕೊಂಡದ್ದನ್ನು ಮರೆಸಿ

ಖಾತೆಯ ಪುಟದಲ್ಲೇ ಡೇಟಾ ಮತ್ತು ಪ್ರೈವಸಿ ವಿಭಾಗವಿದೆ. ಅಲ್ಲಿ ವೆಬ್ ಮತ್ತು ಆ್ಯಪ್ ಆ್ಯಕ್ಟಿವಿಟಿ, ಯೂಟ್ಯೂಬ್ ಹಿಸ್ಟರಿ, ಟೈಮ್‌ಲೈನ್ ಎಂದು ಮೂರು ಕಾಣುತ್ತವೆ. ಟೈಮ್‌ಲೈನ್ ಎಂದರೆ ನೀವು ಓಡಾಡಿದ ಜಾಗಗಳ ದಿನಚರಿ. ದೇರಳಕಟ್ಟೆಯ ಆಸ್ಪತ್ರೆಗೆ ಎಷ್ಟು ಸಲ ಹೋದಿರಿ, ಯಾವ ಜ್ಯೋತಿಷಿಯ ಮನೆಯಲ್ಲಿ ಎಷ್ಟು ಹೊತ್ತು ಕೂತಿರಿ ಎಂಬುದು ಯಾರಿಗೂ ಬೇಡದ ಲೆಕ್ಕ. ಅದನ್ನು ಆಫ್ ಮಾಡಿ, ಇದ್ದದ್ದನ್ನು ಅಳಿಸಿ. ವೆಬ್ ಆ್ಯಕ್ಟಿವಿಟಿಯನ್ನೂ ಆಫ್ ಮಾಡಬಹುದು. ಆನ್ ಇರಲಿ ಎನಿಸಿದರೆ ತಾನಾಗಿ ಅಳಿಯುವ ವ್ಯವಸ್ಥೆಯಿದೆ: 3 ತಿಂಗಳು, 18 ತಿಂಗಳು, 36 ತಿಂಗಳು. 3 ತಿಂಗಳನ್ನೇ ಆರಿಸಿ.

ಯೂಟ್ಯೂಬಿನಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಹಿಸ್ಟರಿ ಪೂರ್ತಿ ಆಫ್ ಮಾಡಿದರೆ 2023ರಿಂದೀಚೆಗೆ ಅದರ ಮುಖಪುಟವೇ ಖಾಲಿ ಬರುತ್ತದೆ. ಸಂಜೆಯಾದರೆ ತಾಳಮದ್ದಳೆ, ಮೇಳದ ಆಟ ನೋಡುತ್ತಾ ಕೂರುವ ಅಜ್ಜನಿಗೆ ಖಾಲಿ ಪುಟ ತೋರಿಸಿದರೆ, ನಾಳೆಯೇ ಯಾರ ಕೈಲೋ ಹೇಳಿ ಎಲ್ಲವನ್ನೂ ಮೊದಲಿನ ಹಾಗೆ ಮಾಡಿಸಿಕೊಳ್ಳುತ್ತಾರೆ. ಅಂಥವರಿಗೆ ಹಿಸ್ಟರಿ ಆನ್ ಇರಲಿ, 3 ತಿಂಗಳಿಗೆ ಅಳಿಯಲಿ. ಮನೆಯವರು ಪಾಲಿಸಲಾಗದ ಬಿಗಿಗಿಂತ ಉಳಿದು ಬರುವ ಸಡಿಲವೇ ಮೇಲು.

ಮೈ ಆ್ಯಡ್ ಸೆಂಟರ್ ಎಂಬ ಪುಟದಲ್ಲಿ ವೈಯಕ್ತಿಕ ಜಾಹೀರಾತು ಆಫ್ ಮಾಡಬಹುದು. ಅಲ್ಲೇ ಸೂಕ್ಷ್ಮ ವಿಷಯಗಳ ಪಟ್ಟಿಯೂ ಇದೆ: ಮದ್ಯ, ಜೂಜು, ಗರ್ಭಧಾರಣೆ, ತೂಕ ಇಳಿಸುವುದು ಇತ್ಯಾದಿ. ಗರ್ಭ ನಿಲ್ಲದೆ ನೊಂದ ಹೆಣ್ಣುಮಗಳ ಫೋನಿನಲ್ಲಿ ತಿಂಗಳುಗಟ್ಟಲೆ ಮಗುವಿನ ಡೈಪರಿನ ಜಾಹೀರಾತು ಬರುವುದು ಎಂಥ ಹಿಂಸೆಯೆಂದು ಅನುಭವಿಸಿದವರಿಗೇ ಗೊತ್ತು. ಇದೊಂದಕ್ಕಾದರೂ ಆ ಪುಟ ತೆರೆಯಿರಿ.

ಹೆಜ್ಜೆ 4: ಬ್ರೌಸರ್

ಕುಕೀ ಎಂದರೆ ವೆಬ್‌ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಗುರುತುಚೀಟಿ. ಅದನ್ನು ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ 1994ರಲ್ಲಿ ರೂಪಿಸಿದಾಗ ಉದ್ದೇಶ ಸರಳವಾಗಿತ್ತು: ಮತ್ತೆ ಬಂದ ಗ್ರಾಹಕನನ್ನು ಅಂಗಡಿಯ ತಾಣ ಗುರುತು ಹಿಡಿಯಬೇಕು. ನೀವು ಹೋಗಿರುವ ತಾಣದ್ದೇ ಕುಕೀ ಆದರೆ ಇವತ್ತಿಗೂ ತೊಂದರೆಯಿಲ್ಲ, ಅದಿಲ್ಲದೆ ಲಾಗಿನ್ ನಿಲ್ಲುವುದಿಲ್ಲ. ತೊಂದರೆ ಇರುವುದು ಅದೇ ಪುಟದಲ್ಲಿ ಕೂತ ಮೂರನೆಯವರ, ಅಂದರೆ ಜಾಹೀರಾತು ಕಂಪನಿಗಳಂಥವರ ಕುಕೀಯಿಂದ. ಸಫಾರಿ, ಫೈರ್‌ಫಾಕ್ಸ್ ಎರಡೂ ಅದನ್ನು ತಾವಾಗಿಯೇ ಕಟ್ಟಿಹಾಕುತ್ತವೆ. ಕ್ರೋಮ್ ತಾನೂ ನಿಲ್ಲಿಸುವುದಾಗಿ ವರ್ಷಗಟ್ಟಲೆ ಹೇಳಿ ಕೊನೆಗೆ ಕೈಬಿಟ್ಟಿತು.

ಆದ್ದರಿಂದ ಫೋನಿಗೆ ಫೈರ್‌ಫಾಕ್ಸ್ ಹಾಕಿಕೊಳ್ಳಿ. ಆಂಡ್ರಾಯ್ಡಿನಲ್ಲಿ ಅದಕ್ಕೆ ಎಕ್ಸ್‌ಟೆನ್ಶನ್ ಸೇರಿಸಬಹುದು. ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ತೆರೆದು ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ. ಪುಟ ಬೇಗ ತೆರೆಯುತ್ತದೆ, ಡೇಟಾ ಉಳಿಯುತ್ತದೆ. ಗುಡ್ಡದ ಮಗ್ಗುಲಿನಲ್ಲಿ ನೆಟ್‌ವರ್ಕಿನ ಒಂದೇ ಕಡ್ಡಿ ನಂಬಿಕೊಂಡಿರುವ ಮನೆಗಳಿಗೆ ಇದು ಸಣ್ಣ ಲಾಭವಲ್ಲ. ಆದರೆ ನೀವು ದಿನಾ ಓದುವ ಸಣ್ಣ ಕನ್ನಡ ತಾಣಕ್ಕೆ ಹೋದಾಗ ಯುಬ್ಲಾಕಿನ ಗುರುತಿನ ಮೇಲೆ ಒತ್ತಿ, ಅಲ್ಲಿರುವ ಪವರ್ ಗುಂಡಿಯ ಮೂಲಕ ಅದನ್ನು ಆ ತಾಣದ ಮಟ್ಟಿಗೆ ನಿಲ್ಲಿಸಿ. ಆ ತಾಣಕ್ಕೆ ನೇರವಾಗಿ ದುಡ್ಡು ಕೊಡುವ ದಾರಿ ಸಿಕ್ಕಿದ ಮೇಲೆ ಪುನಃ ಆನ್ ಮಾಡಿಕೊಳ್ಳಿ, ಅದರ ಮಾತು ಆರನೇ ಹೆಜ್ಜೆಯಲ್ಲಿ.

ಹಿರಿಯರ ಫೋನಿನಲ್ಲಿ ದಿನವಿಡೀ ಟಣ್ ಟಣ್ ಎನ್ನುವ ಸೂಚನೆಗಳು ಹೆಚ್ಚಾಗಿ ವೈರಸ್ಸಿನವಲ್ಲ. ಯಾವತ್ತೋ ಒಂದು ಸುದ್ದಿ ಓದುವಾಗ ಅಡ್ಡಬಂದ ಪೆಟ್ಟಿಗೆಯಲ್ಲಿ ಅಲೋ ಒತ್ತಿರುತ್ತಾರೆ. ಕ್ರೋಮಿನ ಸೆಟ್ಟಿಂಗ್ಸಿನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು ಎಲ್ಲವನ್ನೂ ಬ್ಲಾಕ್ ಮಾಡಿ. ಇನ್‌ಕಾಗ್ನಿಟೋ ಕಿಟಕಿ ಮರೆಮಾಡುವುದು ನಿಮ್ಮ ಫೋನಿನಲ್ಲಿ ಉಳಿಯುವ ಹಿಸ್ಟರಿಯನ್ನು ಮಾತ್ರ, ತಾಣಗಳಿಗೆ ನೀವು ಕಾಣುತ್ತಲೇ ಇರುತ್ತೀರಿ. ನಿಮ್ಮ ಇಂಟರ್ನೆಟ್ ಸಂಚಾರವನ್ನು ಬೇರೊಬ್ಬರ ಸರ್ವರಿನ ಮೂಲಕ ಸಾಗಿಸುವ ಫ್ರೀ ವಿಪಿಎನ್ ಬೇಡವೇ ಬೇಡ. ನಿಮ್ಮ ಸಂಚಾರವೆಲ್ಲ ಯಾರೆಂದೇ ತಿಳಿಯದವರ ಕೈಗೆ ಹೋಗುತ್ತದೆ.

ಹೆಜ್ಜೆ 5: ಪೇಟೆಯ ಕೌಂಟರಿನಲ್ಲಿ

ಇಲ್ಲಿಯ ತನಕದ್ದು ದೊಡ್ಡ ಕಂಪನಿಗಳ ಮಾತು. ನಮ್ಮ ಊರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಸೋರಿಕೆ ಇರುವುದು ಜೆರಾಕ್ಸ್ ಅಂಗಡಿಯಲ್ಲಿ.

ಹೇಗೆ ನಡೆಯುತ್ತದೆಂದು ನೋಡಿ. ಸ್ಕಾಲರ್‌ಶಿಪ್ಪಿನ ಅರ್ಜಿಗೆ ಆಧಾರಿನ ಪ್ರಿಂಟ್ ಬೇಕು. ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸಾಪ್ ಮಾಡಿ ಎನ್ನುತ್ತಾರೆ. ಕಳಿಸುತ್ತೀರಿ. ಅವರ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದೇ ಇರುತ್ತದೆ, ಎಡಗಡೆ ಪಟ್ಟಿಯಲ್ಲಿ ಬೆಳಗ್ಗಿನಿಂದ ಬಂದವರ ಹೆಸರುಗಳು. ಫೈಲು ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಯುತ್ತದೆ. ಅಲ್ಲಿ ಊರಿನವರ ಆಧಾರ್, ಪ್ಯಾನ್, ರೇಶನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮದುವೆ ಸರ್ಟಿಫಿಕೇಟು ಎಲ್ಲ ಸಾಲಾಗಿ ಕೂತಿವೆ. ಇ-ಆಧಾರಿಗೆ ಪಾಸ್‌ವರ್ಡ್ ಇದೆಯಲ್ಲ ಎಂದರೆ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಪ್ರಿಂಟಿಗೆಂದು ಅದನ್ನೂ ಕೆಳಗೇ ಬರೆದು ಕಳಿಸಿರುತ್ತೇವೆ. ಅಂಗಡಿಯವರು ನಮ್ಮವರೇ, ಒಳ್ಳೆಯವರೇ. ಆದರೆ ಆ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಚುಚ್ಚುತ್ತಾರೆ, ಕೆಟ್ಟರೆ ರಿಪೇರಿಗೆ ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಕೈಯಲ್ಲೂ ಇಲ್ಲ.

ಹಾಗಾಗಿ ಹೀಗೆ ಮಾಡಿ. ಆಧಾರಿನ ಅಧಿಕೃತ ಪೋರ್ಟಲ್ಲಿನಿಂದ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಗುರುತು ತೋರಿಸಲಷ್ಟೇ ಆದರೆ ಹೆಚ್ಚಿನ ಕಡೆಗೆ ಅದು ಸಾಕು. ಒಟ್ಟಿಗೇ ನಾಲ್ಕೈದು ಪ್ರತಿ ತೆಗೆಸಿ ಮನೆಯಲ್ಲಿಟ್ಟುಕೊಳ್ಳಿ, ಪ್ರತಿ ಸಲ ಕಳಿಸುವುದು ತಪ್ಪುತ್ತದೆ. ಪ್ರಿಂಟ್ ಕೈಗೆ ಬಂದ ಕೂಡಲೇ ವಾಟ್ಸಾಪಿನಲ್ಲಿ ಎಲ್ಲರಿಗೂ ಅಳಿಸುವ ಆಯ್ಕೆ ಒತ್ತಿ. ಡೌನ್‌ಲೋಡ್ ಆದದ್ದು ಅದರಿಂದ ಹೋಗುವುದಿಲ್ಲ. ಆದ್ದರಿಂದ ಅಲ್ಲೇ ನಿಂತು, "ಅಣ್ಣಾ, ಆ ಫೈಲ್ ಒಂದು ಡಿಲೀಟ್ ಮಾಡಿಬಿಡಿ, ರೀಸೈಕಲ್ ಬಿನ್ನಿಂದಲೂ" ಎಂದು ಕೇಳಿ. ಸಂಕೋಚ ಬೇಡ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಕೇಳದೆಯೇ ಮಾಡುತ್ತಾರೆ. ಪ್ರತಿಯ ಮೇಲೆ ಅಡ್ಡವಾಗಿ ಯಾವ ಉದ್ದೇಶಕ್ಕೆ, ಯಾವ ತಾರೀಕು ಎಂದು ಬರೆದು ಸಹಿ ಹಾಕಿ ಕೊಡುವ ಹಳೆಯ ರೂಢಿ ಇವತ್ತಿಗೂ ಒಳ್ಳೆಯದು. ಅದೇ ಪೋರ್ಟಲ್ಲಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಬೆರಳಚ್ಚು ಬೇಕಾದ ದಿನ ತಾತ್ಕಾಲಿಕವಾಗಿ ಬೀಗ ತೆರೆಯಬೇಕಾಗುತ್ತದೆ. ರೇಶನ್ ಅಂಗಡಿಯಲ್ಲಿ ಬೆರಳೊತ್ತುವ ಸದಸ್ಯರಿಗೆ ಇದು ರಗಳೆ, ಉಳಿದವರಿಗೆ ಧಾರಾಳವಾಗಿ ಮಾಡಬಹುದು.

ಸರ್ಕಾರಿ ಅರ್ಜಿ, ಸರ್ಟಿಫಿಕೇಟಿನ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಗಳು ನಮಗೆ ಅನಿವಾರ್ಯ. 2002ರಲ್ಲಿ ಮಲಪ್ಪುರದಲ್ಲಿ ಶುರುವಾದ ಈ ವ್ಯವಸ್ಥೆ ಇಲ್ಲದಿದ್ದರೆ ಗಡಿಭಾಗದ ಹಿರಿಯರು ಒಂದೊಂದು ಸರ್ಟಿಫಿಕೇಟಿಗೂ ತಾಲೂಕು ಆಫೀಸಿಗೆ ಅಲೆಯಬೇಕಿತ್ತು. ಅಲ್ಲಿ ಎರಡೇ ಎಚ್ಚರ. ಅರ್ಜಿಯಲ್ಲಿ ನಿಮ್ಮದೇ ನಂಬರು ಹಾಕಿಸಿ, ಬೇರೆಯವರದ್ದು ಹಾಕಿದರೆ ಮುಂದಿನ ಎಲ್ಲ ಸಂದೇಶ ಅವರಿಗೆ ಹೋಗುತ್ತದೆ. ಒಟಿಪಿ ಬಂದಾಗ ಅಂಕಿ ಹೇಳುವ ಮೊದಲು ಸಂದೇಶ ಪೂರ್ತಿ ಓದಿ, ಯಾವ ಕೆಲಸಕ್ಕೆಂದು ಅದರಲ್ಲೇ ಇರುತ್ತದೆ. ಇಂಗ್ಲಿಷ್ ಓದಲು ಬಾರದವರು ಅಲ್ಲೇ ಯಾರನ್ನಾದರೂ ಓದಿ ಹೇಳಲು ಕೇಳಿಕೊಳ್ಳಲಿ.

ಬಟ್ಟೆ ಅಂಗಡಿಯಲ್ಲಿ, ಸೂಪರ್ ಮಾರ್ಕೆಟಿನಲ್ಲಿ ಬಿಲ್ಲಿಗೆ ಮೊದಲು ಫೋನ್ ನಂಬರು ಕೇಳುತ್ತಾರೆ. ಹಾಗೆ ಒತ್ತಾಯಿಸಬಾರದೆಂದು 2023ರ ಮೇ ತಿಂಗಳಲ್ಲೇ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ನಂಬರು ಬೇಡ, ಬಿಲ್ಲು ಕಾಗದದಲ್ಲೇ ಕೊಡಿ ಎಂದರೆ ಸಾಕು. ಈಗಾಗಲೇ ಬರುತ್ತಿರುವ ಪ್ರಚಾರದ ಕರೆ, ಮೆಸೇಜು ನಿಲ್ಲಿಸಲು 1909ಕ್ಕೆ ಕರೆ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆಯೆಂದು ಕೇಂದ್ರದ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ನೋಡಿ. ನಿಮ್ಮದಲ್ಲದ ನಂಬರು ಕಂಡರೆ ಅಲ್ಲೇ ದೂರು ಕೊಡಬಹುದು.

ಹೆಜ್ಜೆ 6: ಯಾರಿಗೆ ದುಡ್ಡು ಕೊಡಬೇಕು?

ನೋಟುಬುಕ್ಕಿನಲ್ಲಿ ಮನೆಮಂದಿ ಒಂದು ತಿಂಗಳಿಂದ ಬಳಸುತ್ತಿರುವ ತಾಣ, ಆ್ಯಪುಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ: ನಾಳೆ ಇದು ಮುಚ್ಚಿದರೆ ನಮಗೆ ನಷ್ಟವೇ? ಹೌದು ಎಂದು ಬಂದವು ಕೆಲವೇ ಇರುತ್ತವೆ. ಮನೆಗೆ ಪೇಪರು ಹಾಕಿಸುವ ಖರ್ಚಿನಷ್ಟನ್ನೋ ಅದರ ಅರ್ಧವನ್ನೋ ಇದಕ್ಕೆಂದು ತಿಂಗಳಿಗೆ ಎತ್ತಿಡಿ.

ಮೊದಲ ಪಾಲು ನಿಮ್ಮ ಮಾಹಿತಿಯನ್ನು ಮಾರದೆ ದೇಣಿಗೆಯಿಂದಲೇ ನಡೆಯುವವರಿಗೆ ಹೋಗಲಿ. ವಿಕಿಪೀಡಿಯದಲ್ಲಿ ಜಾಹೀರಾತಿಲ್ಲ. 2003ರಿಂದ ಕನ್ನಡದಲ್ಲಿ, 2016ರಿಂದ ತುಳುವಿನಲ್ಲಿ ಅದಿದೆ. ತುಳುವಿನಂಥ ಭಾಷೆಗೆ ಜಾಹೀರಾತಿನ ಮಾರುಕಟ್ಟೆ ಯಾವತ್ತೂ ಒಂದು ವಿಶ್ವಕೋಶ ಕಟ್ಟಿಕೊಡುತ್ತಿರಲಿಲ್ಲ. ಮೆಸೇಜಿಗೆ ಸಿಗ್ನಲ್ ಇದೆ, ಲಾಭಕ್ಕಲ್ಲದ ಸಂಸ್ಥೆಯದ್ದು. ವಾಟ್ಸಾಪ್ ಕಟ್ಟಿದವರಲ್ಲೊಬ್ಬರಾದ ಬ್ರಯಾನ್ ಆ್ಯಕ್ಟನ್ ಅಲ್ಲಿಂದ ಹೊರಬಂದು 2018ರಲ್ಲಿ ಅದಕ್ಕೆ 5 ಕೋಟಿ ಡಾಲರ್ ಕೊಟ್ಟರು. ಊರಿನವರೆಲ್ಲ ವಾಟ್ಸಾಪಿನಲ್ಲಿರುವಾಗ ಪೂರ್ತಿ ಬಿಡುವುದು ಆಗದ ಮಾತು. ಮನೆಯೊಳಗಿನ ಗುಂಪನ್ನು, ಆಸ್ಪತ್ರೆಯ ರಿಪೋರ್ಟು, ದುಡ್ಡಿನ ಮಾತುಗಳನ್ನು ಮಾತ್ರ ಸಿಗ್ನಲ್ಲಿಗೆ ಸಾಗಿಸಿ.

ಎರಡನೆಯದು ನಮ್ಮ ಭಾಷೆಯ ಸಣ್ಣ ತಾಣಗಳು, ಯಕ್ಷಗಾನ ನೇರಪ್ರಸಾರ ಮಾಡುವ ಹುಡುಗರು, ಊರಿನ ಸುದ್ದಿ ಬರೆಯುವವರು. ಯೂಟ್ಯೂಬಿನ ಸದಸ್ಯತ್ವದ ಗುಂಡಿಯಿಂದ ಕೊಟ್ಟರೆ ನೂರರಲ್ಲಿ 30 ರೂಪಾಯಿಯಷ್ಟು ಯೂಟ್ಯೂಬಿಗೇ ಹೋಗುತ್ತದೆ. ಅವರು ಯುಪಿಐ ಕ್ಯೂಆರ್ ಕೊಟ್ಟಿದ್ದರೆ ನೇರ ಅದಕ್ಕೇ ಹಾಕಿ, ಕೊಟ್ಟಿಲ್ಲದಿದ್ದರೆ ಮೆಸೇಜು ಮಾಡಿ ಕೇಳಿ. ತಿಂಗಳಿಗೆ ಐವತ್ತು ರೂಪಾಯಿಯಾದರೂ ಸರಿ, ನೀವೊಬ್ಬರೇ ಎಷ್ಟು ಪುಟ ಓದಿದರೂ ಜಾಹೀರಾತಿನಿಂದ ಅಷ್ಟು ಅವರ ಕೈಗೆ ಬರುವುದು ಕಷ್ಟ.

ಮೂರನೆಯದರಲ್ಲಿ ಎಚ್ಚರ ಬೇಕು. ಜಾಹೀರಾತು ಹೋಗುವುದು ಬೇರೆ, ಮಾಹಿತಿ ಸಂಗ್ರಹ ನಿಲ್ಲುವುದು ಬೇರೆ. 2024ರಲ್ಲಿ ತಿಂಗಳಿಗೆ 149 ರೂಪಾಯಿ ಆದ ಯೂಟ್ಯೂಬ್ ಪ್ರೀಮಿಯಂ ಕೊಂಡರೆ ಜಾಹೀರಾತು ನಿಲ್ಲುತ್ತದೆ, ನೀವು ನೋಡಿದ್ದರ ದಾಖಲೆ ಮೂರನೇ ಹೆಜ್ಜೆಯಲ್ಲಿ ನೀವೇ ನಿಲ್ಲಿಸುವ ತನಕ ನಡೆಯುತ್ತಲೇ ಇರುತ್ತದೆ. ಯುರೋಪಿನಲ್ಲಿ ಮೆಟಾ 2023ರ ನವೆಂಬರಿನಿಂದ, ತಿಂಗಳಿಗೆ ಇಷ್ಟು ಯೂರೋ ಕೊಡಿ ಇಲ್ಲವೇ ಮಾಹಿತಿ ಬಳಸಲು ಒಪ್ಪಿ ಎಂಬ ಎರಡೇ ದಾರಿ ಇಟ್ಟಿತು. ಅದು ಸರಿಯಲ್ಲವೆಂದು ಯುರೋಪಿಯನ್ ಆಯೋಗ 2025ರ ಏಪ್ರಿಲಿನಲ್ಲಿ 20 ಕೋಟಿ ಯೂರೋ ದಂಡ ವಿಧಿಸಿತು. ಖಾಸಗಿತನ ದುಡ್ಡಿದ್ದವರಿಗೆ ಮಾತ್ರ ಎಂದಾಗಬಾರದು, ಆ ತೀರ್ಪು ನನಗೆ ಒಪ್ಪಿಗೆ. ಯಾವುದಕ್ಕಾದರೂ ದುಡ್ಡು ಕಟ್ಟುವ ಮುಂಚೆ ಅದರ ಪ್ರೈವಸಿ ಪಾಲಿಸಿ ತೆರೆದು ಪಾರ್ಟ್‌ನರ್ಸ್, ಅಡ್ವರ್ಟೈಸಿಂಗ್, ರಿಟೇನ್ ಎಂಬ ಮೂರು ಪದ ಇಂಗ್ಲಿಷಿನಲ್ಲಿ ಹುಡುಕಿ, ಸುತ್ತಲಿನ ಸಾಲುಗಳನ್ನು ಓದಿ. ಯಾರಿಗೆ ಕೊಡುತ್ತಾರೆ, ಯಾತಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದು ಅಲ್ಲೇ ಸಿಗುತ್ತದೆ.

ಕಟ್ಟುವಾಗ ಒಂದು ತಿಂಗಳಿಗೆ ಮಾತ್ರ ಕಟ್ಟಿ ನೋಡಿ. ಫ್ರೀ ಟ್ರಯಲ್ ಎಂದು ಆಟೋಪೇ, ಅಂದರೆ ದುಡ್ಡು ತಾನಾಗಿ ಕಡಿತವಾಗುವುದಕ್ಕೆ ಒಪ್ಪಿಗೆ ಕೇಳಿದರೆ, ಒಪ್ಪಿದ ದಿನವೇ ಯುಪಿಐ ಆ್ಯಪಿನ ಆಟೋಪೇ ಪಟ್ಟಿಗೆ ಹೋಗಿ ಅದನ್ನು ರದ್ದು ಮಾಡಬಹುದು. ದುಡ್ಡು ಕಡಿತವಾಗುವ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜನ್ನು ಓದದೆ ಬಿಡಬೇಡಿ. ಸೇರುವುದು ಒಂದೇ ಒತ್ತಿನಲ್ಲಿ, ಬಿಡುವುದಕ್ಕೆ ಹತ್ತು ಪುಟ ಎಂಬಂತಿದ್ದರೆ ಅದು ಚಂದಾದ ಬಲೆ. 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಮೋಸದ ವಿನ್ಯಾಸಗಳಲ್ಲಿ ಇದೂ ಒಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹೆಜ್ಜೆ 7: ಉಳಿದುಹೋದದ್ದನ್ನು ಅಳಿಸಿಹಾಕಿ

ಆ್ಯಪು ತೆಗೆದರೆ ಖಾತೆ ಹೋಗುವುದಿಲ್ಲ. ನಿಮ್ಮ ಹೆಸರು, ನಂಬರು, ವಿಳಾಸ ಅವರ ಸರ್ವರಿನಲ್ಲಿ ಹಾಗೇ ಇರುತ್ತದೆ. ತೆಗೆಯುವ ಮುಂಚೆ ಆ್ಯಪಿನೊಳಗೆ ಖಾತೆ ಅಳಿಸುವ ಆಯ್ಕೆ ಹುಡುಕಿ. ಪ್ಲೇಸ್ಟೋರಿನಲ್ಲಿರುವ, ಖಾತೆ ತೆರೆಯಲು ಬಿಡುವ ಆ್ಯಪುಗಳು ಅದನ್ನು ಕೊಡಲೇಬೇಕು. ಸಿಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. ಅವರ ಹೆಸರು, ವಿಳಾಸ ವೆಬ್‌ಸೈಟಿನ ತಳದಲ್ಲಿ ಗ್ರೀವನ್ಸ್ ಆಫೀಸರ್ ಎಂಬಲ್ಲಿರುತ್ತದೆ. ಬಳಕೆದಾರರ ಬರಹ, ಫೋಟೋಗಳನ್ನು ಇಟ್ಟುಕೊಳ್ಳುವ ತಾಣಗಳಾದರೆ 2021ರ ಐಟಿ ನಿಯಮದ ಪ್ರಕಾರ 24 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, 2026ರ ತಿದ್ದುಪಡಿಯ ಬಳಿಕ 7 ದಿನದೊಳಗೆ ಇತ್ಯರ್ಥ ಮಾಡಬೇಕು.

ಈ ಹಕ್ಕಿನ ಬೇರು ಕನ್ನಡ ನಾಡಿನ ಒಬ್ಬ ನ್ಯಾಯಾಧೀಶರ ಹೋರಾಟದಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಕಂಪನಿಗಳ ಮೇಲಿನ ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವಿದೆ. ಸರ್ಕಾರಿ ಸಂಸ್ಥೆಗಳಿಗೆ ಅದರಲ್ಲಿ ದೊಡ್ಡ ವಿನಾಯಿತಿಗಳಿವೆ, ಅದು ನನಗೆ ಸರಿಕಾಣುವುದಿಲ್ಲ. ಆದರೆ ನಮಗೆ ಉಪಯೋಗಕ್ಕೆ ಬರುವ ಒಂದು ಅಂಶ ಗಟ್ಟಿಯಾಗಿದೆ: ಒಪ್ಪಿಗೆ ಕೇಳುವ ಕಾಗದ ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದಲು ಸಿಗಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಗಡಿಯ ಈಚೆ ಇದ್ದೇವೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ಇಮೇಲನ್ನು ಹೀಗೆ ಬರೆಯಬಹುದು, ಬೇಕಿದ್ದರೆ ಕೆಳಗೆ ಇಂಗ್ಲಿಷಿನಲ್ಲೂ ಸೇರಿಸಿ:

"ಮಾನ್ಯರೇ, ಈ ಇಮೇಲ್ ವಿಳಾಸದಲ್ಲಿ ನಿಮ್ಮಲ್ಲಿ ನನ್ನ ಖಾತೆಯೊಂದಿದೆ. ಇನ್ನು ಮುಂದೆ ಅದು ನನಗೆ ಬೇಡ. ನನ್ನ ಬಗ್ಗೆ ನಿಮ್ಮಲ್ಲಿ ಏನೇನು ಮಾಹಿತಿ ಇದೆ, ಅದನ್ನು ಯಾವ ಯಾವ ಸಂಸ್ಥೆಗಳಿಗೆ ಕೊಟ್ಟಿದ್ದೀರಿ ಎಂಬುದನ್ನು ತಿಳಿಸಿ. ಬಳಿಕ ಖಾತೆಯನ್ನೂ ಮಾಹಿತಿಯನ್ನೂ ಅಳಿಸಿ. ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದದ್ದು ಏನಾದರೂ ಇದ್ದರೆ ಅದು ಯಾವುದು, ಎಷ್ಟು ಕಾಲ ಎಂದು ಬರೆಯಿರಿ. ಪ್ರಚಾರದ ಕರೆ, ಸಂದೇಶಗಳಿಗೆ ನಾನು ಹಿಂದೆ ಕೊಟ್ಟಿದ್ದ ಒಪ್ಪಿಗೆಯನ್ನು ಈ ಮೂಲಕ ಹಿಂಪಡೆದಿದ್ದೇನೆ. ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ."

ಕಳಿಸಿದ ತಾರೀಕನ್ನು ನೋಟುಬುಕ್ಕಿನಲ್ಲಿ ಬರೆದಿಡಿ. 7 ದಿನವಾದರೂ ಉತ್ತರವಿಲ್ಲದಿದ್ದರೆ ಅದೇ ಇಮೇಲನ್ನು ಮತ್ತೊಮ್ಮೆ ಕಳಿಸಿ, ದುಡ್ಡು ಕಟ್ಟಿ ಪಡೆದ ಸೇವೆಯಾಗಿದ್ದರೆ 1915ರಲ್ಲಿ ದೂರು ದಾಖಲಿಸಿ. ಈ ನಡುವೆ ಯಾರಾದರೂ ಮೋಸದಿಂದ ಖಾತೆಯ ದುಡ್ಡು ಎಗರಿಸಿದ್ದು ತಿಳಿದರೆ ಯಾವುದಕ್ಕೂ ಕಾಯದೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ.